ಅತ್ತೆ ಹೊತ್ತ ಆರತಿ

ಕಳೆದ ಮಂಗಳವಾರ ಪಕ್ಕದ ಮನೆಯ ಸೊಸೆ ಮುತ್ತುಗದ ಎಲೆಯಲ್ಲಿ ಒಂದು ತುಂಡು ತಂಬಿಟ್ಟು ತಂದುಕೊಟ್ಟಳು. "ಮಾರಮ್ಮಂಗೆ ಆರತಿ ಮಾಡಿದ್ವಿ ಟೀಚರ್. ನೀವು ತಿಂತೀರೋ ಇಲ್ವೋ..." ಎಂದು ಬಾಗಿಲಲ್ಲೇ ಸಂಕೋಚಪಟ್ಟಳು. ನೆನೆಸಿ ಕುಟ್ಟಿದ ಅಕ್ಕಿಹಿಟ್ಟು, ಬೆಲ್ಲ, ನೆತ್ತಿಯ ಮೇಲೆ ಬತ್ತಿ ಉರಿದು ಕಪ್ಪಾದ ಗುಳಿ. ಆ ಸುಟ್ಟ ತುಪ್ಪದ ವಾಸನೆ ಮೂಗಿಗೆ ಬಡಿದಿದ್ದೇ ತಡ, ನನಗೆ ಅತ್ತೆಯ ನೆನಪಾಯಿತು. ದೊಡ್ಡಬಳ್ಳಾಪುರದ ಈ ಮನೆಯಲ್ಲಿ ಕೂತು, ಇಷ್ಟು ವಯಸ್ಸಾದ ಮೇಲೆ, ಒಂದು ತುಂಡು ತಂಬಿಟ್ಟು ಮುಂದಿಟ್ಟುಕೊಂಡು ಅತ್ತುಬಿಟ್ಟೆ. ಮೊಮ್ಮಗಳು ನೋಡಿ ಹಲ್ಲು ನೋವಾ ಅಜ್ಜಿ ಎಂದಳು. ಹೌದು ಎಂದೆ.

ನಮ್ಮೂರು ದೇವನಹಳ್ಳಿಯಿಂದ ಆವತಿ ಕಡೆಗೆ ಹೋಗುವ ದಾರಿಯಲ್ಲಿ, ಸ್ವಲ್ಪ ಒಳಕ್ಕೆ. ಊರಿನ ಆಚೆ ಮಿಷನ್ನಿನ ಕಾಂಪೌಂಡು. ಅದರೊಳಗೆ ಹೆಂಚಿನ ಸಣ್ಣ ಚರ್ಚು, ನಾನು ಪಾಠ ಹೇಳುತ್ತಿದ್ದ ಪ್ರೈಮರಿ ಸ್ಕೂಲು, ಒಂದಷ್ಟು ಕ್ರೈಸ್ತರ ಮನೆಗಳು. ಅಪ್ಪ ಅಲ್ಲಿನ ಸಭೆಗೆ ಉಪದೇಶಿ. ಭಾನುವಾರದ ಪ್ರಸಂಗ, ಪ್ರಾರ್ಥನೆ ಎಲ್ಲ ಅಪ್ಪನದೇ. ರೊಟ್ಟಿ ಮುರಿದು ಕರ್ತನ ಭೋಜನ ಕೊಡುವುದಕ್ಕೆ ಮಾತ್ರ ಬೆಂಗಳೂರಿನಿಂದ ಪಾದ್ರಿ ಅಯ್ಯನವರು ಬರಬೇಕಿತ್ತು. ಅದು ಯುದ್ಧದ ಕಾಲ. ಪೆಟ್ರೋಲ್ ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಲಿನ ಒಲೆ ಕಟ್ಟಿಕೊಂಡು ಕೆಮ್ಮುತ್ತಾ ಬರುತ್ತಿದ್ದವು. ಅಯ್ಯನವರು ಬಂದು ಇಳಿದಾಗ ಅವರ ಬಿಳಿ ನಿಲುವಂಗಿಗಿಂತ ಮೊದಲು ಅವರ ಕೆಮ್ಮು ನಮಗೆ ಕೇಳುತ್ತಿತ್ತು.

ಅತ್ತೆ ಎಂದರೆ ಅಪ್ಪನ ಅಕ್ಕ. ಪ್ಲೇಗಿನಲ್ಲಿ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಅಕ್ಕ ತಮ್ಮನನ್ನು ಮಿಷನ್ನಿನವರು ಅನಾಥಾಲಯದಲ್ಲಿ ಸಾಕಿದ್ದರು. ಅಲ್ಲೇ ಅವಳಿಗೆ ಸಿಡುಬು ಎದ್ದು, ಜೀವ ಉಳಿದು, ಮುಖದ ತುಂಬ ಗುಳಿಗಳು ಉಳಿದವು. ಬೀಸುವ ಕಲ್ಲಿಗೆ ಉಳಿಯಲ್ಲಿ ಹೊಡೆದ ಹಾಗಿದೆ ನನ್ನ ಮುಖ ಎಂದು ತಾನೇ ಆಡಿಕೊಳ್ಳುತ್ತಿದ್ದಳು. ಮದುವೆ ಆಗಲಿಲ್ಲ. ಸತ್ಯವೇದ ಕಂಕುಳಲ್ಲಿ ಇಟ್ಟುಕೊಂಡು ಹಳ್ಳಿ ಹಳ್ಳಿ ತಿರುಗಿ ಹೆಂಗಸರಿಗೆ ಓದಿ ಹೇಳುವ ಕೆಲಸ ಹಿಡಿದಳು. ಜನ ಬೈಬಲಮ್ಮ ಎಂದು ಕರೆದರು. ಅವಳ ಗಂಟಲು ಎಂಥದ್ದೆಂದರೆ ಅವಳು ಕೀರ್ತನೆ ಎತ್ತಿದರೆ ಕೆರೆ ಏರಿಯ ಮೇಲಿನ ಎಮ್ಮೆಗಳೂ ತಲೆ ಎತ್ತುತ್ತಿದ್ದವು. ಅವಳ ಮಾತಿಗೆ ಮನೆದೇವರ ಕಳಶ ತೆಗೆದಿಟ್ಟವರು, ತೋಳಿನ ತಾಯಿತ ಕಿತ್ತವರು ನಮ್ಮ ಸಭೆಯಲ್ಲೇ ಎಷ್ಟೋ ಮಂದಿ ಇದ್ದರು. ಅವರಲ್ಲೊಬ್ಬ ಬಂಡೆ ಒಡೆಯುವವನು. ನನಗೆ ಬುದ್ಧಿ ಬರುವ ಹೊತ್ತಿಗೆ ಅವನು ಸಭೆಯ ಹಿರಿಯನಾಗಿದ್ದ. ಕಡಿಮೆ ಮಾತಿನ ಮನುಷ್ಯ, ಚರ್ಚಿನ ಗಂಟೆ ಹೊಡೆಯುವುದು ಅವನದೇ ಕೆಲಸ.

ಅಪ್ಪನ ಪ್ರಸಂಗ ಯಾವ ಕಡೆಯಿಂದ ಹೊರಟರೂ ಬಂದು ಸೇರುತ್ತಿದ್ದದ್ದು ಒಂದೇ ಕಡೆಗೆ. ಮನುಷ್ಯ ನಂಬಿಕೆಯಿಂದ ಮಾತ್ರ ರಕ್ಷಣೆ ಹೊಂದುತ್ತಾನೆ, ಒಳ್ಳೆಯ ಕೆಲಸ ಮಾಡಿ ಸ್ವರ್ಗ ಗಳಿಸುತ್ತೇನೆ ಎನ್ನುವುದು ಸೊಕ್ಕು. "ಬಾವಿಗೆ ಬಿದ್ದವನು ತನ್ನ ಜುಟ್ಟು ತಾನೇ ಹಿಡಿದು ಮೇಲೆ ಬರೋಕಾಗುತ್ತಾ? ಮೇಲಿಂದ ಹಗ್ಗ ಬಿಡಬೇಕು" ಎನ್ನುತ್ತಿದ್ದರು. ಮನೆಗೆ ಬಂದ ಮೇಲೆ ಅತ್ತೆ ಮುದ್ದೆ ಕಟ್ಟುತ್ತಾ ಕೀಟಲೆ ಮಾಡುವಳು: "ಹಗ್ಗ ಹಿಡ್ಕೊಳ್ಳೋಕೂ ಕೈ ಬೇಕಲ್ಲೋ ತಮ್ಮಾ." ಅಪ್ಪ ನಗುತ್ತಿದ್ದರು. ಆ ಕಾಲದಲ್ಲಿ ಅದು ಊಟದ ಹೊತ್ತಿನ ತಮಾಷೆ, ಅಷ್ಟೆ. ಶಾಸ್ತ್ರದಲ್ಲೇ ಎರಡೂ ಇದೆಯಲ್ಲ ಎಂದು ನಾನು ಒಮ್ಮೆ ಬಾಯಿ ಹಾಕಿದ್ದೆ. ಒಬ್ಬ ಅಪೊಸ್ತಲ ನಂಬಿಕೆ ಸಾಕು ಎನ್ನುತ್ತಾನೆ, ಇನ್ನೊಬ್ಬ ಕ್ರಿಯೆ ಇಲ್ಲದ ನಂಬಿಕೆ ಸತ್ತ ಹಾಗೆ ಎನ್ನುತ್ತಾನೆ, ಯಾವುದನ್ನು ಹಿಡಿಯೋಣ? ಅತ್ತೆ, "ಮೊದ್ಲು ಮುದ್ದೆ ಹಿಡಿ, ಆರೋಗ್ತದೆ" ಎಂದಳು.

ಆ ಬೇಸಿಗೆ ಸಿಡುಬು ಬಂತು. ಸಿಡುಬಿನ ಲಸಿಕೆಯ ದಾಕು ಹಾಕುವವರು ಬಂದರೆ ಜನ ಮಕ್ಕಳನ್ನು ಕಣಜದ ಹಿಂದೆ ಬಚ್ಚಿಡುತ್ತಿದ್ದ ಕಾಲ. ಊರಿನ ಬಾಗಿಲು ಬಾಗಿಲಿಗೂ ಬೇವಿನ ಸೊಪ್ಪು ಕಟ್ಟಿದರು. ನಮ್ಮ ಬೇಲಿಯ ಆಚೆ ಒಂದು ಗುಡಿಸಲಿತ್ತು. ಗಾಡಿ ಹೊಡೆಯುವವನೊಬ್ಬ ಚಿಂತಾಮಣಿ ಕಡೆಯಿಂದ ಬಂದು ಕಟ್ಟಿಕೊಂಡಿದ್ದು. ಮಿಲಿಟರಿಯವರ ಹತ್ತಿರ ಕೆಲಸ ಸಿಗುತ್ತದೆಂದು ಅವನು ಬೆಂಗಳೂರಿಗೆ ಹೋಗಿದ್ದ. ಗುಡಿಸಲಿನಲ್ಲಿ ಅವನ ಹೆಂಡತಿ, ಮೊಲೆಹಾಲು ಕುಡಿಯುವ ಕೂಸು. ಇಬ್ಬರಿಗೂ ಅಮ್ಮ ಎದ್ದಿತು. ಹೊರಗಿನಿಂದ ಬಂದವರು, ಹತ್ತಿರದ ಬಂಧು ಬಳಗ ಯಾರೂ ಇಲ್ಲ, ಆ ಕಡೆ ಯಾರೂ ತಲೆ ಹಾಕಲಿಲ್ಲ. ಅತ್ತೆಗೆ ಸಿಡುಬಿನ ಭಯ ಇರಲಿಲ್ಲ, ಒಮ್ಮೆ ಬಂದವರಿಗೆ ಮತ್ತೆ ಬರುವುದಿಲ್ಲವಲ್ಲ. ಸೆರಗು ಸಿಕ್ಕಿಸಿಕೊಂಡು ಹೋದಳು. ಬಾಳೆ ಎಲೆ ಹಾಸಿ ಮಲಗಿಸಿ, ಬೇವಿನ ಸೊಪ್ಪಿನಲ್ಲಿ ಗಾಳಿ ಬೀಸಿ, ಗಂಜಿ ಕಾಯಿಸಿದಳು. ನಾನು ಬೇಲಿಯವರೆಗೆ ನೀರು ಇಟ್ಟು ಬರುತ್ತಿದ್ದೆ. ಅಲ್ಲಿಯವರೆಗೆ ನಮ್ಮ ಸಭೆಯವರಿಗೆಲ್ಲ ಅತ್ತೆಯನ್ನು ಕಂಡರೆ ಹೆಮ್ಮೆ.

ಆದರೆ ಆ ಹೆಂಗಸು ಗಂಜಿ ಮುಟ್ಟಲಿಲ್ಲ. ಮಾರಮ್ಮನಿಗೆ ತಂಬಿಟ್ಟಿನ ಆರತಿ ಹೊರುತ್ತೇನೆಂದು ಹರಕೆ ಹೊತ್ತಿದ್ದಳಂತೆ. ಅದು ಸಲ್ಲುವ ತನಕ ಬಾಯಿಗೆ ಏನೂ ಹಾಕುವುದಿಲ್ಲ ಎಂದು ಹಲ್ಲು ಕಚ್ಚಿಕೊಂಡಳು. ಎದ್ದು ನಿಲ್ಲುವ ಶಕ್ತಿ ಅವಳಿಗಿಲ್ಲ, ಅವಳ ಪರವಾಗಿ ಹೊರುವವರು ಯಾರೂ ಇಲ್ಲ. "ಆಯಮ್ಮನ್ನ ತಣ್ಣಗೆ ಮಾಡ್ದೆ ನಾನೆಂಗೆ ತಿನ್ಲಿ ಅಕ್ಕಾ? ನನ್ ಮಗೂನ ಎತ್ಕೊಂಡೋಗ್ತಾಳೆ" ಎಂಬುದೊಂದೇ ಮಾತು. ಅತ್ತೆ ಬೈದಳು, ಬೇಡಿಕೊಂಡಳು, ಪ್ರಾರ್ಥನೆ ಮಾಡಿದಳು. ಇವಳು ತಿನ್ನದೆ ಹಾಲು ಬತ್ತಿತು. ಕೂಸಿನ ಅಳು ದಿನದಿಂದ ದಿನಕ್ಕೆ ಸಣ್ಣಗಾಗುತ್ತಿದ್ದದ್ದು ಬೇಲಿಯ ಈಚೆಗೂ ತಿಳಿಯುತ್ತಿತ್ತು.

ಒಂದು ಬೆಳಿಗ್ಗೆ ಅತ್ತೆ ನಮ್ಮ ಜಗುಲಿಯ ಮೇಲೆ ಬಂದು ಕೂತಳು. ಆಮೇಲೆ ಒಳಗೆ ಹೋಗಿ ಡಬ್ಬದಲ್ಲಿದ್ದ ರೇಷನ್ ಅಕ್ಕಿಯಲ್ಲಿ ಅರ್ಧ ನೆನೆ ಹಾಕಿದಳು. ಆ ಕಾಲದಲ್ಲಿ ಅಕ್ಕಿ ಎಂದರೆ ಹಬ್ಬ. "ದೋಸೆಗಾ ಅತ್ತೆ?" ಎಂದೆ.

"ಅಲ್ಲ ಕಣೇ. ಮಾರಮ್ಮಂಗೆ."

ನಾನು ನಗುತ್ತೇನೇನೋ ಎಂದು ನನ್ನ ಮುಖ ನೋಡಿದಳು. ನನಗೆ ನಗು ಬರಲಿಲ್ಲ. ಒರಳನ್ನು ಬೇಲಿಯ ಹತ್ತಿರಕ್ಕೇ ಉರುಳಿಸಿಕೊಂಡು ಹೋಗಿ ಕುಟ್ಟಿದಳು, ಗುಡಿಸಲಿನಲ್ಲಿ ಮಲಗಿದವಳಿಗೆ ಕೇಳಿಸಲಿ ಎಂದು. ಬೆಲ್ಲ ಕಲೆಸಿ, ಉಂಡೆ ಕಟ್ಟಿ, ಗುಳಿ ಮಾಡಿ, ತುಪ್ಪದ ಬತ್ತಿ ಇಟ್ಟಳು. ಅವತ್ತು ಮಂಗಳವಾರ. ಮಟಮಟ ಮಧ್ಯಾಹ್ನದಲ್ಲಿ ಹಿತ್ತಾಳೆ ತಟ್ಟೆ ಹೊತ್ತುಕೊಂಡು, ಕದ್ದು ಹಿಂದಿನಿಂದ ಹೋಗದೆ, ಚರ್ಚಿನ ಮುಂದಿನಿಂದಲೇ ಹಾದು ಕೆರೆ ಏರಿಯ ಮಾರಮ್ಮನ ಗುಡಿಗೆ ಹೋದಳು. ಆರತಿ ಇಟ್ಟು ಬಂದು, ಉರಿದ ಬತ್ತಿಯ ತಂಬಿಟ್ಟು ತೋರಿಸಿ ಗಂಜಿ ಕೊಟ್ಟಳು. ಆ ಹೆಂಗಸು ಕುಡಿದಳು. ಲೋಟ ಖಾಲಿ ಮಾಡಿ ಇನ್ನೊಂದು ಲೋಟ ಕೇಳಿದಳು.

ತಾಯಿ ಮಗು ಇಬ್ಬರೂ ಉಳಿದರು. ಮಾರಮ್ಮ ಕಾಪಾಡಿದಳು, ಕಿರಸ್ತಾನದವಳ ಕೈಯಲ್ಲೂ ಆರತಿ ತೆಗೆದುಕೊಂಡಳು ನೋಡಿ ಅವಳ ಮಹಿಮೆ ಎಂದರು ಊರವರು. ಬೈಬಲಮ್ಮ ಕೆಟ್ಟಳು, ವಿಗ್ರಹಕ್ಕೆ ಆರತಿ ಬೆಳಗಿದಳು ಎಂದರು ನಮ್ಮವರು. ಆ ಗಂಜಿ ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ನನಗೆ ಇವತ್ತಿಗೂ ಅದನ್ನು ನೆನೆದರೆ ಮೈ ಉರಿಯುತ್ತದೆ.

ಅಪ್ಪನಿಗಂತೂ ಅತ್ತ ದರಿ ಇತ್ತ ಪುಲಿ. ವಿಗ್ರಹದ ಮುಂದೆ ಪೂಜೆಗೆ ನಿಂತವರನ್ನು ಕರ್ತನ ಭೋಜನದಿಂದ ಹೊರಗಿಡುವುದು ಸಭೆಯ ಕಟ್ಟುಪಾಡು. ತಪ್ಪಾಯಿತು ಎಂದು ಎಲ್ಲರ ಮುಂದೆ ಒಪ್ಪಿಕೊಂಡರೆ ಮತ್ತೆ ಸೇರಿಸಿಕೊಳ್ಳುವರು. ಬೇರೆಯವರಿಗೆ ಅಪ್ಪನೇ ಎಷ್ಟೋ ಸಲ ಆ ಕಟ್ಟುಪಾಡು ನಡೆಸಿದ್ದರು. ಅತ್ತೆಗೆ ಆ ಭೋಜನ ಎಂದರೆ ಪ್ರಾಣ. ಹಿಂದಿನ ದಿನದಿಂದಲೇ ಉಪವಾಸ ಇದ್ದು, ಬಿಳಿ ಸೀರೆ ಮಡಿಕೆ ಬಿಚ್ಚಿ ಉಟ್ಟು, ಎಲ್ಲರಿಗಿಂತ ಮೊದಲು ಹೋಗಿ ಮಂಡಿಯೂರುತ್ತಿದ್ದವಳು. ಆ ರೊಟ್ಟಿಯ ಚೂರು ನಾಲಿಗೆಗೆ ತಾಕಿದಾಗ ತಾನು ಅನಾಥೆ ಅಲ್ಲ ಅನಿಸುತ್ತದೆ ಎಂದು ಒಮ್ಮೆ ನನಗೆ ಹೇಳಿದ್ದಳು.

ಅಯ್ಯನವರು ಬಂದ ಭಾನುವಾರ, ಭೋಜನಕ್ಕೆ ಮುಂಚೆ, ಅವಳನ್ನು ಎದ್ದು ನಿಲ್ಲಿಸಿದರು. ಅಯ್ಯನವರು ಕೆಟ್ಟವರಲ್ಲ, ಮೃದುವಾಗಿಯೇ ಕೇಳಿದರು.

"ಅದರ ಮುಂದೆ ಕೈ ಮುಗಿದಿರಾ ಅಮ್ಮಾ?"

"ಕೈಯಲ್ಲಿ ತಟ್ಟೆ ಇತ್ತಲ್ಲ ಅಯ್ಯನೋರೇ, ಎಂಗೆ ಮುಗೀಲಿ?"

ಯಾರೋ ಕಿಸಕ್ಕೆಂದರು. ಅಯ್ಯನವರು ನಗಲಿಲ್ಲ. "ಮನಸ್ಸಿನಲ್ಲಿ?"

"ಮನಸ್ಸಿನಲ್ಲಿ... ಯೇಸಪ್ಪಾ, ಇವಳು ಗಂಜಿ ಕುಡಿಯೋ ಹಂಗೆ ಮಾಡು ಅಂತ ಬೇಡ್ಕೊಂಡೆ."

"ಹಾಗಾದರೆ ಒಂದು ಮಾತು ಹೇಳಿಬಿಡಿ. ತಪ್ಪಾಯಿತು ಅಂದರೆ ಸಾಕು. ಕೃಪೆಗೆ ಕೊರತೆಯಿಲ್ಲ."

ಅಪ್ಪ ನೆಲ ನೋಡುತ್ತಿದ್ದರು. ನಾನು ಮನಸ್ಸಿನಲ್ಲೇ, ಅಂದುಬಿಡು ಅತ್ತೆ, ನಾಲಿಗೆ ಏನು ಸವೆಯುತ್ತದೆಯಾ ಎಂದುಕೊಳ್ಳುತ್ತಿದ್ದೆ. ಅವಳು ಅಪ್ಪನ ಕಡೆ ಒಮ್ಮೆ ನೋಡಿದಳು. ಆಮೇಲೆ, "ಅನ್ನೋಕಾಗಲ್ಲ ಅಯ್ಯನೋರೇ. ನಾಳೆ ತಿರ್ಗಾ ಹಂಗೇ ಆದ್ರೆ ತಿರ್ಗಾ ಹಂಗೇ ಮಾಡ್ತೀನಿ. ಸುಳ್ಳು ಹೇಳಿ ಅದೇ ಬಾಯಲ್ಲಿ ರೊಟ್ಟಿ ತಗೊಳ್ಲಾ?" ಎಂದಳು.

ಇಲ್ಲಿಗೇ ಮುಗಿದಿದ್ದರೆ ನಾನು ಅತ್ತೆಯನ್ನು ಗೆದ್ದವಳೆಂದು ನೆನೆಯುತ್ತಿದ್ದೆ. ಆದರೆ ಆಗ ಆ ಹಿರಿಯ, ಬಂಡೆ ಒಡೆಯುವವನು, ಗಂಡಸರ ಸಾಲಿನಿಂದ ಎದ್ದ. ಅವನು ಸಭೆಯಲ್ಲಿ ಬಾಯಿ ತೆರೆದದ್ದನ್ನು ನಾನು ಅದೇ ಮೊದಲು ಕಂಡದ್ದು.

"ಅಮ್ಮಾ, ನಮ್ಮವ್ವನೂ ಹಿಂಗೇ ಮಲಗಿದ್ಲು. ನೆನಪೈತಾ?" ಎಂದ.

ಅತ್ತೆಯ ಮುಖ ಬಿಳಿಚಿಕೊಂಡಿತು. ಅವಳಿಗೆ ನೆನಪಿತ್ತು. ಅವನು ಎಲ್ಲರ ಕಡೆ ತಿರುಗಿ ಹೇಳಿದ. ಅದು ಅವನು ಹೊಸದಾಗಿ ದೀಕ್ಷಾಸ್ನಾನ ತೆಗೆದುಕೊಂಡಿದ್ದ ಕಾಲ. ಅವನ ತಾಯಿ ಹಳೇ ನಂಬಿಕೆಯವಳು. ಸಿಡುಬು ಎದ್ದು ಮಲಗಿದಾಗ ಅವಳೂ ಹೀಗೇ ಹಟ ಹಿಡಿದಿದ್ದಳು, ಮಾರಮ್ಮನಿಗೆ ಆರತಿ ಹೋಗದೆ ಅನ್ನ ಮುಟ್ಟುವುದಿಲ್ಲ ಎಂದು. ಅವನು ಓಡಿಹೋಗಿ ಬೈಬಲಮ್ಮನನ್ನು ಕೇಳಿದ. ಬೈಬಲಮ್ಮ, ಬೇಡ, ಇದು ಸೈತಾನನ ಪರೀಕ್ಷೆ, ನಂಬಿಕೆಯಲ್ಲಿ ಗಟ್ಟಿಯಾಗಿ ನಿಲ್ಲು ಎಂದಳು. ಅವನು ನಿಂತ. ತಾಯಿ ಅವನ ಕೈಯ ಅನ್ನ ಮುಟ್ಟದೆ, ಗೋಡೆ ಕಡೆ ಮುಖ ತಿರುಗಿಸಿಕೊಂಡು ಪ್ರಾಣ ಬಿಟ್ಟಳು.

"ಆವತ್ತು ನಂಗೆ ಬ್ಯಾಡ ಅಂದ್ರಿ. ಈವತ್ತು ನೀವೇ ಹೊತ್ರಿ. ಈಯಮ್ಮ ಉಳಕೊಂಡ್ಲು" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ವಾಸಿಯಾಗಿತ್ತು.

ಅತ್ತೆ ಹೆಂಗಸರ ಸಾಲು ದಾಟಿ ಅವನ ಮುಂದೆ ಹೋಗಿ ನಿಂತಳು. "ಅದ್ಕೇ ಹೊತ್ತೆ ಕಣಪ್ಪಾ. ನಿಮ್ಮವ್ವನ ನೆನಪಾಗಿ ಹೊತ್ತೆ. ಆವತ್ತು ನಿಂಗೆ ಬೇಡ ಅಂದಿದ್ದು... ಅದು ನನ್ ತಪ್ಪು. ಇವರು ಕೇಳ್ತಿರೋದಕ್ಕೆ ತಪ್ಪಾಯ್ತು ಅನ್ನೋಕೆ ನನ್ ಕೈಲಾಗಲ್ಲ. ನಿಂಗೆ ಮಾಡಿದ್ದು ತಪ್ಪಾಯ್ತು. ನನ್ನ ಕ್ಷಮಿಸಿಬಿಡು" ಎಂದು ಕೈ ಮುಗಿದಳು.

ಅವನು ಹಿಂದಕ್ಕೆ ಸರಿದ. "ಹಂಗನ್ಬ್ಯಾಡಿ ಅಮ್ಮಾ!" ಎಂದು ಕೂಗಿದ. "ಅದು ತಪ್ಪು ಅಂದ್ರೆ ನಾನು ಏನಾದೆ? ನಮ್ಮವ್ವನ್ನ ಉಪವಾಸ ಕೊಂದೋನು ಆದ್ನಲ್ಲ! ನಂಬಿಕೆಗೋಸ್ಕರ ಅಂತ ಇಷ್ಟು ವರ್ಷ ಉಸಿರು ಹಿಡ್ಕೊಂಡಿದ್ದೀನಿ... ಅದನ್ನೂ ಕಿತ್ಕೋಬ್ಯಾಡಿ."

ಅವನು ಹೊರಗೆ ಹೋಗಿಬಿಟ್ಟ. ಅತ್ತೆಯೂ ಹೋದಳು. ಅಯ್ಯನವರು ಉಳಿದವರಿಗೆ ರೊಟ್ಟಿ ಮುರಿದರು. ನಾನೂ ತೆಗೆದುಕೊಂಡೆ.

ಅಲ್ಲಿಂದಾಚೆ ಅಯ್ಯನವರು ಬಂದಾಗಲೆಲ್ಲ ಇಬ್ಬರೂ ಪ್ರಸಂಗದ ತನಕ ಕೂತಿದ್ದು, ಭೋಜನದ ಹೊತ್ತಿಗೆ ಎದ್ದು ಹೊರಗೆ ಹೋಗುವರು. ಅವಳನ್ನು ಸಭೆ ಹೊರಗಿಟ್ಟಿತ್ತು. ಅವನನ್ನು ಯಾರೂ ಹೊರಗಿಟ್ಟಿರಲಿಲ್ಲ, ಆದರೂ ಹೋಗುವನು. ಹೊಂಗೆ ಮರದ ಕೆಳಗೆ ಅವಳೊಂದು ಕಡೆ, ಅವನೊಂದು ಕಡೆ. ಅತ್ತೆ ಅವನ ಕಡೆಯೇ ನೋಡುತ್ತಾ ಕೂತಿರುವಳು. ಅವಳಿಗೆ ಬೇಕಾಗಿದ್ದದ್ದು ಅವನ ಬಾಯಿಂದ ಕ್ಷಮಿಸಿದೆ ಎಂಬ ಒಂದು ಮಾತು. ರೊಟ್ಟಿಯ ಆಸೆಯನ್ನೂ ಅವಳು ಬಿಟ್ಟಂತಿತ್ತು. ಕೀಟಲೆ ನಿಂತುಹೋಯಿತು. ಕೀರ್ತನೆಗೆ ತುಟಿ ಮಾತ್ರ ಅಲ್ಲಾಡುತ್ತಿತ್ತು. ಆ ಗಂಟಲು ಎಲ್ಲಿ ಹೋಯಿತೋ...

ಸ್ವಾತಂತ್ರ್ಯ ಬಂದ ಮಾರನೆಯ ವರ್ಷ ಅತ್ತೆಯ ಹೊಟ್ಟೆಯಲ್ಲಿ ಗೆಡ್ಡೆ ಬೆಳೆಯಿತು. ಬೆಂಗಳೂರಿನ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದರು. ಅವಳು ಮಲಗಿದ್ದು ತಿಳಿದ ದಿನದಿಂದ ಆ ಹಿರಿಯ ಬರತೊಡಗಿದ. ದೂರದ ಸೀನೀರಿನ ಬಾವಿಯಿಂದ ಬೆಳಿಗ್ಗೆ ಬೆಳಿಗ್ಗೆ ನೀರು ಹೊತ್ತು ತರುವನು. ಸೌದೆ ಒಡೆದು ಹಾಕುವನು. ನಾನು ಸ್ಕೂಲಿಗೆ ಹೋದಾಗ ಅವಳ ಬಾಯಿಗೆ ಗಂಜಿ ಹಾಕಿದ್ದೂ ಅವನೇ. ಅವಳು ಗುಟುಕರಿಸುತ್ತಾ ಕೇಳುವಳು, "ಒಂದು ಮಾತು ಅಂದ್ಬಿಡಪ್ಪಾ." ಅವನು ಚಮಚ ಕೆಳಗಿಟ್ಟು ತಲೆ ತಗ್ಗಿಸುವನು.

"ಕ್ಷಮಿಸ್ದೆ ಅಂದ್ರೆ ತಪ್ಪು ನಡೀತು ಅಂತ ಆಗ್ತದಲ್ಲಮ್ಮಾ" ಎಂದು ಒಮ್ಮೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಮತ್ತೆ ಚಮಚ ಎತ್ತಿಕೊಂಡ.

ಕೊನೆಯ ವಾರ ಒಂದು ಸಂಜೆ ಅಪ್ಪ ಅವಳ ಹಾಸಿಗೆಯ ಪಕ್ಕ ಕೂತಿದ್ದರು. ಅವಳು ಅವರ ಕೈ ಹಿಡಿದುಕೊಂಡಳು. "ಲೇ ತಮ್ಮಾ, ಯೇಸಪ್ಪ ನನ್ನ ಒಳಗೆ ಸೇರಿಸ್ಕೊಳ್ತಾನೇನೋ?"

"ನಿನ್ನ ನಂಬಿಕೆ ಇದೆಯಲ್ಲ ಅಕ್ಕಾ. ಅದು ಸಾಕು."

"ನಂಬಿಕೆ ಆ ಬಂಡೆ ಒಡೆಯೋನ ತಾಯಿಗೂ ಇತ್ತು ಕಣೋ" ಎಂದಳು.

ಜೀವಮಾನವಿಡೀ ಪ್ರಸಂಗ ಮಾಡಿದ ಅಪ್ಪ ಅವಳ ಕೈ ಸವರುತ್ತಾ ಕೂತರು. ಭೋಜನದಿಂದ ಹೊರಗಿದ್ದವಳಿಗೆ ತಾವೇ ರೊಟ್ಟಿ ಕೊಡುವ ಅಧಿಕಾರ ಅವರಿಗಿರಲಿಲ್ಲ. ಅಯ್ಯನವರಿಗೆ ಹೇಳಿ ಕಳಿಸಿದ್ದರು. ಅವರು ಹೊರಟು ಬರುವಷ್ಟರಲ್ಲಿ ಅತ್ತೆ ತೀರಿಕೊಂಡಳು. ಆ ಮಾತೂ ಸಿಗಲಿಲ್ಲ, ರೊಟ್ಟಿಯೂ ಸಿಗಲಿಲ್ಲ. ಅವಳು ಸಮಾಧಾನದಿಂದ ಹೋದಳು ಎಂದು ಬಂದವರಿಗೆಲ್ಲ ಅಪ್ಪ ಹೇಳುತ್ತಿದ್ದರು. ಸುಳ್ಳು. ಅವಳು ಹೆದರಿಕೊಂಡೇ ಹೋದಳು, ನಾನು ಅಲ್ಲೇ ಇದ್ದೆ.

ಗುಂಡಿ ತೋಡಿದ್ದು ಅವನೇ. ಅಲ್ಲಿ ನೆಲದಡಿ ಬಂಡೆ. ಬೇರೆಯವರು ಕೈಹಾಕಲು ಬಂದರೆ ಬಿಡಲಿಲ್ಲ. ಮಣ್ಣು ಮುಚ್ಚಿ ಜನ ಚದುರಿದ ಮೇಲೆ ಅವನು ಅಪ್ಪನ ಹತ್ತಿರ ಬಂದ. ಕೈಯೆಲ್ಲ ಬೊಬ್ಬೆ.

"ಅಂದ್ಬಿಡಬೇಕಾಗಿತ್ತು ಉಪದೇಶಿಗಳೇ. ಬಾಯಿ ಬರ್ಲಿಲ್ಲ."

"ದೇವರಿಗೆ ಗೊತ್ತು ನಿನ್ನ ಮನಸ್ಸು" ಎಂದರು ಅಪ್ಪ.

"ಅದ್ಸರಿ. ಆಯಮ್ಮ ಈಗ ಅಲ್ಲಿಗೆ ಹೋಗಿ ನಮ್ಮವ್ವನ್ನ ಕಂಡು ಮಾತಾಡ್ತಾರೆ ಅಂದ್ಕೊಂಡ್ರೆ ನಂಗೆ ಎಷ್ಟೋ ಸಮಾಧಾನ ಆಗ್ತಿತ್ತು. ಆದ್ರೆ ಯೇಸಪ್ಪನ್ನ ನಂಬ್ದೇ ಹೋದ ನಮ್ಮವ್ವ ಅಲ್ಲಿರಲ್ಲ ಅಂತ ನೀವೇ ಅಲ್ವಾ ಹೇಳ್ಕೊಟ್ಟಿದ್ದು?"

ಅಪ್ಪ ಅವನನ್ನು ತಬ್ಬಿಕೊಂಡು ಅತ್ತುಬಿಟ್ಟರು. ಉಪದೇಶಿ ಅತ್ತದ್ದನ್ನು ಕಂಡು ಹಿಂದೆ ಉಳಿದಿದ್ದ ಹೆಂಗಸರು ಮುಖ ತಿರುಗಿಸಿಕೊಂಡರು. ಆಮೇಲೆ ಅಪ್ಪ ಬಾವಿಯ ಹಗ್ಗದ ಉಪಮೆಯನ್ನು ಪ್ರಸಂಗದಲ್ಲಿ ಎತ್ತಲಿಲ್ಲ. ಅವನು ಸಾಯುವ ತನಕ ಚರ್ಚಿನ ಗಂಟೆ ಹೊಡೆದ, ಭೋಜನಕ್ಕೆ ಮಾತ್ರ ಬರಲಿಲ್ಲ.

ಈಗ ಅವರು ಯಾರೂ ಇಲ್ಲ. ಹೋದ ತಿಂಗಳು ಮಗನ ಜೊತೆ ಆ ಕಡೆ ಹೋಗಿದ್ದೆ. ಸಮಾಧಿಗಳ ನಡುವೆ ಲಾಂಟಾನ ಬೆಳೆದು ದಾರಿಯೇ ಇಲ್ಲ, ಅತ್ತೆಯದು ಯಾವುದೆಂದು ನನಗೆ ಗುರುತು ಸಿಗಲಿಲ್ಲ. ಮಗ ಗಡಿಯಾರ ನೋಡುತ್ತಿದ್ದ, ಬಂದುಬಿಟ್ಟೆ. ನಾನೂ ಈಗ ಬಿಳಿ ಸೀರೆ ಉಟ್ಟು ಭೋಜನಕ್ಕೆ ಹೋಗುತ್ತೇನೆ. ನಂಬಿಕೆ ದೊಡ್ಡದೋ ಕ್ರಿಯೆ ದೊಡ್ಡದೋ ಎಂದು ನಮ್ಮ ಹೊಸ ಪಾದ್ರಿ ಚೆಂದವಾಗಿ ಬಿಡಿಸಿ ಹೇಳುತ್ತಾರೆ, ಹುಡುಗ ಬುದ್ಧಿವಂತ. ಕೇಳುತ್ತಾ ಕೂತಿರುತ್ತೇನೆ. ಅತ್ತೆ ಎಲ್ಲಿದ್ದಾಳೆಂದು ಅವರನ್ನು ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ಈ ಭೋಜನದ ಸಾಲಿನಲ್ಲಿ ಇಲ್ಲ, ಅಷ್ಟು ಗೊತ್ತು.